ಹಿಪ್-ಹಾಪ್ ಆಲ್ಬಂ ಒಂದನ್ನ ‘ಕ್ಲಾಸಿಕ್’ ಅನ್ನೋದು ಯಾವಾಗ?

ಅಮೆರಿಕದ ರ‍್ಯಾಪರ್ ನಾಸ್‌ನ ‘ಇಲ್‌ಮ್ಯಾಟಿಕ್’ನ ಎಲ್ರೂ ಕ್ಲಾಸಿಕ್ ಅಂತಾರೆ, ಆದ್ರೆ ಡ್ರೇಕ್‌ನ ‘ಸ್ಕಾರ್ಪಿಯನ್’ ಅದಕ್ಕಿಂತ ಎಷ್ಟೋ ಜಾಸ್ತಿ ಸ್ಟ್ರೀಮ್ ಆಗಿದೆ, ಹಾಗಿದ್ರೆ ಅಳತೆ ಯಾವುದು, ಸುಮ್ನೆ ಹಳೇದಾದ್ರೆ ಸಾಕಾ ಅಂತ ಕೇಳಿದ್ದೀರ. ಕನ್ನಡದಲ್ಲಿ ಅಂಥದ್ದು ಏನಾದ್ರೂ ಇದ್ಯಾ ಅಂತಾನೂ ಕೇಳಿದ್ದೀರ. ಇದರ ಬಗ್ಗೆ ನಾನು ಫ್ರೆಂಡ್ಸ್ ಜೊತೆ ರಾತ್ರಿಯೆಲ್ಲಾ ಜಗಳ ಆಡಿದೀನಿ, ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತೆ.

ನನ್ನ ಪ್ರಕಾರ ಎರಡೇ ವಿಷಯ ನೋಡ್ಬೇಕು. ಒಂದು, ಆಲ್ಬಂ ಶುರುವಿಂದ ಕೊನೆವರೆಗೂ ಒಂದೇ ಉಸಿರಲ್ಲಿ ಕೇಳಿದ್ರೆ ಯಾವ ಹಾಡನ್ನೂ ತೆಗೀಬೇಕು ಅನಿಸಬಾರದು. ಎರಡು, ಅದು ಬಂದ್ಮೇಲೆ ಬೇರೆ ರ‍್ಯಾಪರ್‌ಗಳು, ಪ್ರೊಡ್ಯೂಸರ್‌ಗಳು (ಹಾಡಿನ ಹಿಂದಿನ ಸಂಗೀತ, ಅಂದ್ರೆ ಬೀಟ್, ಮಾಡೋರು) ತಮ್ಮ ಕೆಲಸದ ರೀತಿನೇ ಬದಲಾಯಿಸಿರ್ಬೇಕು. ಎರಡೂ ಇದ್ರೆ ಮಾತ್ರ ಕ್ಲಾಸಿಕ್. ಒಂದೇ ಇದ್ರೆ ಒಳ್ಳೇ ಆಲ್ಬಂ ಅನ್ನಿ, ಮುಖ್ಯವಾದ ಆಲ್ಬಂ ಅನ್ನಿ, ಆ ಪಟ್ಟ ಮಾತ್ರ ಕೊಡಬೇಡಿ.

ಸೇಲ್ಸ್ ವಿಷಯ ಬೇಗ ಮುಗಿಸ್ತೀನಿ. 1990ರಲ್ಲಿ ಎಂ.ಸಿ. ಹ್ಯಾಮರ್‌ನ ಆಲ್ಬಂ ಅಮೆರಿಕದಲ್ಲೇ ಒಂದು ಕೋಟಿ ಲೆಕ್ಕದಲ್ಲಿ ಮಾರಾಟ ಆಯ್ತು, ವಾರಗಟ್ಟಲೆ ನಂಬರ್ ಒನ್ ಇತ್ತು. ಇವತ್ತು ಯಾರಾದ್ರೂ ಆ ಆಲ್ಬಂನ ಪೂರ್ತಿ ಕೂತು ಕೇಳೋದನ್ನ ನೋಡಿದ್ದೀರಾ? ನಾನಂತೂ ನೋಡಿಲ್ಲ. ಇನ್ನು ಸ್ಟ್ರೀಮ್ ಲೆಕ್ಕ. 2014ರ ಕೊನೆಯಿಂದ, ಅಮೆರಿಕದ ಆಲ್ಬಂ ಚಾರ್ಟ್ ಹಾಕೋ ಬಿಲ್‌ಬೋರ್ಡ್ ಒಂದೊಂದು ಹಾಡಿನ ಸ್ಟ್ರೀಮ್‌ನೂ ಕೂಡಿಸಿ ಆಲ್ಬಂ ಸೇಲ್ ಅಂತ ಲೆಕ್ಕ ಹಾಕೋಕೆ ಶುರು ಮಾಡ್ತು, ಅಂದ್ರೆ ಹಾಡು ಜಾಸ್ತಿ ಇದ್ದಷ್ಟೂ ನಂಬರ್ ಜಾಸ್ತಿ. 2018ರ ‘ಸ್ಕಾರ್ಪಿಯನ್’ನಲ್ಲಿ 25 ಹಾಡಿದೆ, ಒಂದೇ ವಾರದಲ್ಲಿ ಪ್ರಪಂಚದಾದ್ಯಂತ 100 ಕೋಟಿ ಸ್ಟ್ರೀಮ್ ದಾಟಿದ ಮೊದಲ ಆಲ್ಬಂ ಅದು. ಅದರಲ್ಲಿ ಒಳ್ಳೇ ಹಾಡುಗಳಿವೆ, ಇಲ್ಲ ಅನ್ನಲ್ಲ, ಡ್ರೇಕ್ ಕೆಲಸಗಾರ. ಆದ್ರೆ 25ರಲ್ಲಿ ಹತ್ತು ಹನ್ನೆರಡು ತೆಗೆದುಹಾಕಿದ್ರೂ ಯಾರಿಗೂ ಗೊತ್ತಾಗಲ್ಲ, ನನ್ನ ತಕರಾರು ಅಷ್ಟೇ.

ಈಗ ‘ಇಲ್‌ಮ್ಯಾಟಿಕ್’ಗೆ ಬರ್ತೀನಿ, ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ. 1994ರ ಏಪ್ರಿಲ್ 19ಕ್ಕೆ ಬಂದಿದ್ದು. ಒಟ್ಟು ಹತ್ತು ಟ್ರ್ಯಾಕ್, ಮೊದಲನೆಯದು ಬರೀ ಪೀಠಿಕೆ, ಎಲ್ಲಾ ಸೇರಿ 40 ನಿಮಿಷ ಕೂಡ ಆಗಲ್ಲ. ಆಗ ನಾಸ್‌ಗೆ 20 ವರ್ಷ. ನ್ಯೂಯಾರ್ಕ್‌ನ ಕ್ವೀನ್ಸ್‌ಬ್ರಿಡ್ಜ್ ಹೌಸಸ್ ಅಂತ, ಬಡವರಿಗೆ ಸರ್ಕಾರ ಕಟ್ಟಿಸಿರೋ ಬಾಡಿಗೆ ಮನೆಗಳ ಸಾಲು ಸಾಲು ಬ್ಲಾಕ್, ಉತ್ತರ ಅಮೆರಿಕದಲ್ಲೇ ಅಂಥದ್ದರಲ್ಲಿ ಅತಿ ದೊಡ್ಡದು, ಅಲ್ಲಿ ಬೆಳೆದ ಹುಡುಗ. ಅಲ್ಲಿ ಏನೇನು ನಡೀತಿತ್ತು ಅನ್ನೋದನ್ನ ಅವನು ಕಿಟಕಿ ಪಕ್ಕ ಕೂತು ನೋಡಿ ಬರ್ಕೊಂಡ ಹಾಗೆ ಹೇಳ್ತಾನೆ, ಹೊಗಳೋದೂ ಇಲ್ಲ, ಬುದ್ಧಿ ಹೇಳೋದೂ ಇಲ್ಲ.

ಎರಡನೇ ಟ್ರ್ಯಾಕ್ ‘ಎನ್.ವೈ. ಸ್ಟೇಟ್ ಆಫ್ ಮೈಂಡ್’ ಕೇಳಿ. ಅದರ ಪ್ರೊಡ್ಯೂಸರ್ ಡಿಜೆ ಪ್ರೀಮಿಯರ್ ಒಂದು ಜ್ಯಾಝ್ ರೆಕಾರ್ಡಿಂದ ಪಿಯಾನೋದ ಸಣ್ಣ ತುಣುಕು ತಗೊಂಡು ಅದನ್ನೇ ತಿರುಗಿಸ್ತಾ ಇರ್ತಾನೆ, ಕತ್ತಲೆ ಗಲ್ಲಿಯಲ್ಲಿ ಹಿಂದೆ ಯಾರೋ ಬರ್ತಿದಾರೆ ಅನ್ನೋ ಥರ ಅನಿಸುತ್ತೆ. ಶುರುನಲ್ಲಿ ನಾಸ್ ಹೇಗೆ ಶುರು ಮಾಡೋದೋ ಗೊತ್ತಾಗ್ತಿಲ್ಲ ಅಂತ ಗೊಣಗ್ತಾನೆ, ಅದು ರೆಕಾರ್ಡಿಂಗ್‌ನಲ್ಲಿ ಹಾಗೇ ಇದೆ, ಮರುಕ್ಷಣಕ್ಕೆ ಶುರು ಹಚ್ಕೊಂಡ್ರೆ ಉಸಿರು ತಗೊಳ್ಳೋದು ಎಲ್ಲಿ ಅಂತಾನೇ ತಿಳಿಯಲ್ಲ. ಮೊದಲ ವರ್ಸ್ (ಅಂದ್ರೆ ಚರಣ) ಒಂದೇ ಟೇಕ್‌ನಲ್ಲಿ ಆಗಿದ್ದು ಅಂತ ಪ್ರೀಮಿಯರ್ ಆಮೇಲೆ ಹೇಳಿದಾನೆ.

ಪ್ರಾಸದ ವಿಷಯ ಒಂದು ಹೇಳ್ಲೇಬೇಕು, ಯಾಕಂದ್ರೆ ನಮಗೆ ಇದು ಬೇಗ ಅರ್ಥ ಆಗುತ್ತೆ. ಸ್ಕೂಲಲ್ಲಿ ಹಳಗನ್ನಡ ಪದ್ಯ ಓದಿದವರಿಗೆ ದ್ವಿತೀಯಾಕ್ಷರ ಪ್ರಾಸ ನೆನಪಿರುತ್ತೆ, ಪ್ರತಿ ಸಾಲಲ್ಲೂ ಎರಡನೇ ಅಕ್ಷರ ಒಂದೇ ಇರುತ್ತೆ, ಸಾಲಿನ ತುದಿಗೆ ಕಾಯ್ಬೇಕಾಗಿಲ್ಲ. 80ರ ದಶಕದ ಮೊದಲ ರ‍್ಯಾಪ್‌ಗಳಲ್ಲಿ ಹೆಚ್ಚಾಗಿ ಸಾಲಿನ ಕೊನೆಗೇ ಪ್ರಾಸ. 1987ರಲ್ಲಿ ಡಿಜೆ ಎರಿಕ್ ಬಿ ಜೊತೆ ಮೊದಲ ಆಲ್ಬಂ ತಂದ ರಾಕಿಮ್ ಪ್ರಾಸನ ಸಾಲಿನ ಮಧ್ಯಕ್ಕೆ ತಂದ. ನಾಸ್ ಅದನ್ನ ಇನ್ನೂ ಬಿಗಿ ಮಾಡಿ, ಮೂರು ನಾಲ್ಕು ಅಕ್ಷರದ ಪ್ರಾಸಗಳನ್ನ ಸಾಲಿಂದ ಸಾಲಿಗೆ ಹರಿಸಿದ, ಅಷ್ಟಾದ್ರೂ ಮಾತು ಮಾತಾಗೇ ಕೇಳ್ಸುತ್ತೆ, ಪ್ರಾಸಕ್ಕೋಸ್ಕರ ಪದ ತುರುಕಿದ ಹಾಗೆ ಎಲ್ಲೂ ಅನಿಸಲ್ಲ.

ಆಮೇಲೆ ಏಳನೇ ಟ್ರ್ಯಾಕ್ ‘ಒನ್ ಲವ್’. ಜೈಲಲ್ಲಿರೋ ಗೆಳೆಯನಿಗೆ ಬರೆದ ಕಾಗದದ ರೂಪದಲ್ಲಿದೆ. ನಿನಗೆ ಮಗ ಹುಟ್ಟಿದಾನಂತೆ, ನಿನ್ನ ಥರಾನೇ ಇದಾನಂತೆ, ಆದ್ರೆ ನಿನ್ನ ಹುಡುಗಿ ಯಾಕೆ ನಿನಗೆ ಕಾಗದ ಹಾಕ್ತಿಲ್ಲ ಅಂತ ಕೇಳ್ತಾನೆ. ಒಂದೇ ಉಸಿರಲ್ಲಿ ಅಭಿನಂದನೆ, ಅದರ ಹಿಂದೆನೇ ಹೊಟ್ಟೆ ಕಿವುಚೋ ಸುದ್ದಿ. ಕೊನೆ ವರ್ಸ್‌ನಲ್ಲಿ ಕಾಗದ ಇಲ್ಲ, ಬೆಂಚ್ ಮೇಲೆ ಹನ್ನೆರಡು ವರ್ಷದ ಹುಡುಗ ಸಿಗ್ತಾನೆ, ಆಗಲೇ ಡ್ರಗ್ಸ್ ಮಾರೋಕೆ ನಿಂತಿದಾನೆ. ಜೈಲಿಗೆ ಹೋದವನ ಜಾಗಕ್ಕೆ ಮುಂದಿನವನು ರೆಡಿ ಅಂತ ಎಲ್ಲೂ ಬಿಡಿಸಿ ಹೇಳಲ್ಲ, ನಮಗೇ ಹೊಳೆಯುತ್ತೆ. ಇಪ್ಪತ್ತು ವರ್ಷದ ಹುಡುಗ ಇದನ್ನ ಬರೆದ ಅನ್ನೋದು ನನಗೆ ಈಗಲೂ ಆಶ್ಚರ್ಯ.

ಸರಿ, ಇದು ಮೊದಲ ಅಳತೆ. ಎರಡನೇದಕ್ಕೆ ಸಾಕ್ಷಿ ಬೇಕಲ್ವಾ? ಆ ಕಾಲದಲ್ಲಿ ಒಂದು ಆಲ್ಬಂಗೆ ಸಾಮಾನ್ಯವಾಗಿ ಒಬ್ಬ ಪ್ರೊಡ್ಯೂಸರ್ ಅಥವಾ ಒಂದೇ ಟೀಮ್ ಇರ್ತಿತ್ತು. ‘ಇಲ್‌ಮ್ಯಾಟಿಕ್’ನಲ್ಲಿ ಪ್ರೀಮಿಯರ್, ಪೀಟ್ ರಾಕ್, ಕ್ಯೂ-ಟಿಪ್, ಲಾರ್ಜ್ ಪ್ರೊಫೆಸರ್, ಎಲ್.ಇ.ಎಸ್. ಎಲ್ರೂ ಇದಾರೆ, ಒಬ್ಬ ರ‍್ಯಾಪರ್‌ಗೆ ದೊಡ್ಡ ದೊಡ್ಡವರು ಒಂದೊಂದು ಬೀಟ್ ಕೊಡೋ ಪದ್ಧತಿ ಇದಾದ್ಮೇಲೆ ಮಾಮೂಲಿ ಆಗೋಯ್ತು. ಆಲ್ಬಂನಲ್ಲಿ ಒಂದೇ ಒಂದು ಗೆಸ್ಟ್ ವರ್ಸ್ ಇದೆ, ಎಝಡ್ ಅನ್ನೋನದ್ದು, ಆ ಒಂದು ವರ್ಸ್ ಕೇಳಿನೇ ಅವನಿಗೆ ರೆಕಾರ್ಡ್ ಡೀಲ್ ಸಿಕ್ತು, ಮುಂದಿನ ವರ್ಷ ಸ್ವಂತ ಆಲ್ಬಂ ಬಂತು. (ಆ ವರ್ಸ್ ಇರೋ ಹಾಡಿನ ಕೊನೆಗೆ ಕಾರ್ನೆಟ್, ಅಂದ್ರೆ ಟ್ರಂಪೆಟ್ ಥರದ ವಾದ್ಯ, ಊದಿರೋದು ನಾಸ್‌ನ ಅಪ್ಪ ಓಲು ದಾರಾ, ಅವರು ಜ್ಯಾಝ್ ಸಂಗೀತಗಾರರು. ಆ ಭಾಗ ಬಂದಾಗ ಫೋನ್ ಪಕ್ಕಕ್ಕಿಟ್ಟು ಕೇಳಿ.)

ಇನ್ನೂ ಬಲವಾದ ಸಾಕ್ಷಿ ಎದುರಾಳಿ ಬಾಯಿಂದಲೇ ಬಂದಿದೆ. 1996ರಲ್ಲಿ ರ‍್ಯಾಪರ್ ಜೇ-ಝೀ ತನ್ನ ಮೊದಲ ಆಲ್ಬಂ ‘ರೀಸನಬಲ್ ಡೌಟ್’ನಲ್ಲಿ ನಾಸ್‌ನ ದನಿನೇ ಸ್ಯಾಂಪಲ್ ಮಾಡಿ, ಅಂದ್ರೆ ಅವನ ರೆಕಾರ್ಡಿಂದ ತುಣುಕು ತಗೊಂಡು, ಒಂದು ಹಾಡಿನ ಪಲ್ಲವಿ ಮಾಡ್ಕೊಂಡ. 2001ರಲ್ಲಿ ಇಬ್ರಿಗೂ ಜಗಳ ಹತ್ತಿ ‘ಟೇಕ್‌ಓವರ್’ ಅನ್ನೋ ಹಾಡಲ್ಲಿ ನಾಸ್‌ನ ತೊಳೆದುಹಾಕ್ದ, ಹತ್ತು ವರ್ಷಕ್ಕೆ ಒಂದೇ ಒಂದು ಒಳ್ಳೇ ಆಲ್ಬಂ ನಿನ್ನ ಸರಾಸರಿ ಅಂತ ಹೀಯಾಳಿಸಿದ. ಗಮನಿಸಿ, ಬೈಯೋಕೇ ಅಂತ ಬರೆದ ಹಾಡಲ್ಲೂ ಆ ಒಂದು ಆಲ್ಬಂನ ಕೆಟ್ಟದು ಅನ್ನೋಕೆ ಅವನಿಗೆ ಆಗಲಿಲ್ಲ.

ಇನ್ನು ಮ್ಯಾಗಝೀನ್ ರಿವ್ಯೂಗಳ ಬಗ್ಗೆ. ‘ದ ಸೋರ್ಸ್’ ಅನ್ನೋ ಮ್ಯಾಗಝೀನ್ ಆಗ ಐದಕ್ಕೆ ಇಷ್ಟು ಮೈಕ್ ಅಂತ ರೇಟಿಂಗ್ ಕೊಡ್ತಿತ್ತು, ‘ಇಲ್‌ಮ್ಯಾಟಿಕ್’ಗೆ ಐದಕ್ಕೈದು ಕೊಟ್ರು, ಹೊಸ ಹುಡುಗನ ಮೊದಲ ಆಲ್ಬಂಗೆ ಅದು ಸಣ್ಣ ಮಾತಲ್ಲ. ಸರಿಯಾಗೇ ಗುರುತಿಸಿದ್ರು. ಆದ್ರೆ ಅದೇ ಮ್ಯಾಗಝೀನ್ ‘ರೀಸನಬಲ್ ಡೌಟ್’ಗೆ ಮೊದಲು ನಾಲ್ಕು ಕೊಟ್ಟು ಎಷ್ಟೋ ವರ್ಷ ಆದ್ಮೇಲೆ ಐದು ಮಾಡ್ತು. ಇನ್ನೊಂದು, ಇವರೆಲ್ಲಾ ನ್ಯೂಯಾರ್ಕ್ ಕಿವಿಯಲ್ಲಿ ಕೇಳೋರು. 1995ರ ಸೋರ್ಸ್ ಅವಾರ್ಡ್ಸ್‌ನಲ್ಲಿ ಅಮೆರಿಕದ ದಕ್ಷಿಣ ಭಾಗದ ಅಟ್ಲಾಂಟಾದ ಔಟ್‌ಕ್ಯಾಸ್ಟ್‌ಗೆ ಬೆಸ್ಟ್ ನ್ಯೂ ಗ್ರೂಪ್ ಪ್ರಶಸ್ತಿ ಬಂದಾಗ ನ್ಯೂಯಾರ್ಕ್ ಜನ ಬೂ ಅಂತ ಕೂಗಿದ್ರು. ಆ ಗ್ರೂಪಿನ ಆಂಡ್ರೆ 3000 ಮೈಕ್ ಹಿಡಿದು ದಕ್ಷಿಣದವರಿಗೂ ಹೇಳೋಕೆ ಮಾತಿದೆ ಅಂದು ಕೆಳಗಿಳಿದ. ಮೂರು ವರ್ಷ ಆದ್ಮೇಲೆ ಬಂದ ಅವರ ‘ಅಕ್ವೆಮಿನಿ’ಗೆ ಅದೇ ಮ್ಯಾಗಝೀನ್ ಐದು ಮೈಕ್ ಕೊಡ್ಬೇಕಾಯ್ತು. ಈಗ ಅಟ್ಲಾಂಟಾ ಇಲ್ಲದೆ ಹಿಪ್-ಹಾಪ್ ಯೋಚನೆ ಮಾಡೋಕೂ ಆಗಲ್ಲ. ಅದಕ್ಕೇ ರೇಟಿಂಗ್ ಯಾರು ಕೊಟ್ರು, ಅವರು ಯಾವ ಊರಿನವರು ಅಂತ ನೋಡದೆ ನಾನು ಒಪ್ಪಲ್ಲ.

ಪ್ರಭಾವ ಒಂದೇ ಸಾಲದು ಅನ್ನೋದಕ್ಕೂ ಉದಾಹರಣೆ ಕೊಡ್ತೀನಿ, ಇಲ್ಲಿ ತುಂಬಾ ಜನ ನನ್ನ ಜೊತೆ ಜಗಳಕ್ಕೆ ಬರ್ತಾರೆ. 2008ರ ಕಾನ್ಯೆ ವೆಸ್ಟ್‌ನ ‘808ಸ್ ಆಂಡ್ ಹಾರ್ಟ್‌ಬ್ರೇಕ್’. ಅಮ್ಮ ತೀರ್ಕೊಂಡ ಮುಂದಿನ ವರ್ಷ ಆಟೋಟ್ಯೂನ್ (ದನಿಯ ಶ್ರುತಿ ತಿದ್ದೋ ಸಾಫ್ಟ್‌ವೇರ್) ಹಾಕ್ಕೊಂಡು ರ‍್ಯಾಪ್ ಬಿಟ್ಟು ಹಾಡಿದ ಆಲ್ಬಂ. ಡ್ರೇಕ್‌ನ ಅರ್ಧ ಹಾಡು ಅರ್ಧ ರ‍್ಯಾಪ್ ಶೈಲಿ, ಆಮೇಲೆ ಬಂದ ಎಷ್ಟೋ ದುಃಖದ ದನಿಗಳು, ಎಲ್ಲದರ ಬೇರು ಅಲ್ಲಿದೆ, ಒಪ್ತೀನಿ. ಆದ್ರೆ ಪೂರ್ತಿ ಕೇಳೋವಾಗ ದ್ವಿತೀಯಾರ್ಧದಲ್ಲಿ ನನಗೆ ಗಮನ ಜಾರುತ್ತೆ, ಪ್ರತಿ ಸಲ. ಮುಖ್ಯವಾದ ಆಲ್ಬಂ, ಕ್ಲಾಸಿಕ್ ಅಲ್ಲ. ಬೈಯೋರು ಬೈಯಿರಿ.

ಹಳೇದಾದ್ರೆ ಸಾಕಾ ಅಂದ್ರಲ್ಲ, ಸಾಲದು, ಆದ್ರೆ ಸ್ವಲ್ಪ ಕಾಲ ಬೇಕೇ ಬೇಕು, ಯಾಕಂದ್ರೆ ಎರಡನೇ ಅಳತೆಗೆ ಸಾಕ್ಷಿ ಸಿಗೋದೇ ಆಮೇಲೆ. ಆಲ್ಬಂ ಬಂದ ರಾತ್ರಿನೇ ‘ಇನ್‌ಸ್ಟಂಟ್ ಕ್ಲಾಸಿಕ್’ ಅಂತ ಪೋಸ್ಟ್ ಹಾಕೋರನ್ನ ಕಂಡ್ರೆ ನನಗೆ ಸಿಟ್ಟು ಬರುತ್ತೆ. ಈ ಕಾಲದ್ದರಲ್ಲಿ ನಾನು ಕಣ್ಣು ಮುಚ್ಚಿ ಹೇಳೋದು ಕೆಂಡ್ರಿಕ್ ಲಮಾರ್‌ನ 2012ರ ‘ಗುಡ್ ಕಿಡ್, ಮ್ಯಾಡ್ ಸಿಟಿ’. ಲಾಸ್ ಏಂಜಲೀಸ್ ಪಕ್ಕದ ಕಾಂಪ್ಟನ್‌ನಲ್ಲಿ ಒಬ್ಬ ಹದಿಹರೆಯದ ಹುಡುಗನ ಕಥೆ. ಹಾಡುಗಳ ಮಧ್ಯೆ ಅಮ್ಮನ ವಾಯ್ಸ್‌ಮೇಲ್ ಬರ್ತಾ ಇರುತ್ತೆ, ನನ್ನ ವ್ಯಾನ್ ತಗೊಂಡು ಹೋದೋನು ಎಲ್ಲಿದೀಯ, ವಾಪಸ್ ತಗೊಂಡು ಬಾ ಅಂತ, ನಮ್ಮನೆ ಅಮ್ಮಂದಿರ ಥರಾನೇ. ಹನ್ನೆರಡು ನಿಮಿಷದ ‘ಸಿಂಗ್ ಅಬೌಟ್ ಮಿ’ ಇದೆಯಲ್ಲ, ಅದರ ಮೊದಲ ವರ್ಸ್‌ನಲ್ಲಿ ಒಡಹುಟ್ಟಿದವನನ್ನ ಕಳ್ಕೊಂಡ ಗೆಳೆಯ ಮಾತಾಡ್ತಿರ್ತಾನೆ, ಮಾತು ಮುಗಿಯೋ ಮುಂಚೆ ಗುಂಡಿನ ಸದ್ದು, ವಾಕ್ಯ ಅಲ್ಲಿಗೇ ನಿಲ್ಲುತ್ತೆ. ಎರಡನೇ ವರ್ಸ್‌ನಲ್ಲಿ ಒಬ್ಬ ಹೆಣ್ಣುಮಗಳು ನಾನು ಮರೆಯಾಗಲ್ಲ, ಮರೆಯಾಗಲ್ಲ ಅಂತ ಹೇಳ್ತಿರೋವಾಗಲೇ ಅವಳ ದನಿ ಸಣ್ಣದಾಗ್ತಾ ಹೋಗುತ್ತೆ, ಅವಳು ನಿಲ್ಲಿಸಲ್ಲ, ನಮಗೆ ಕೇಳಿಸೋದು ನಿಲ್ಲುತ್ತೆ. ಬೀಟ್ ಮಾತ್ರ ಹಾಗೇ ಓಡ್ತಾ ಇರುತ್ತೆ. ಇಂಥ ಹಾಡನ್ನ ಆಲ್ಬಂನಿಂದ ಬಿಡಿಸಿ ಪ್ಲೇಲಿಸ್ಟ್‌ಗೆ ಹಾಕಿದ್ರೆ ಅರ್ಧ ಜೀವ ಹೋಗುತ್ತೆ. ಇದಕ್ಕೆ 2014ರ ಗ್ರ್ಯಾಮಿಯಲ್ಲಿ ಬೆಸ್ಟ್ ರ‍್ಯಾಪ್ ಆಲ್ಬಂ ಬರಲಿಲ್ಲ, ಮ್ಯಾಕಲ್ಮೋರ್ ಜೋಡಿಗೆ ಹೋಯ್ತು, ನೀನೇ ಗೆಲ್ಬೇಕಿತ್ತು ಅಂತ ಗೆದ್ದವನೇ ಕೆಂಡ್ರಿಕ್‌ಗೆ ಮೆಸೇಜ್ ಹಾಕ್ದ. ಗ್ರ್ಯಾಮಿ ಬಗ್ಗೆ ನಾನು ಇದಕ್ಕಿಂತ ಜಾಸ್ತಿ ಹೇಳೋದು ಬೇಡ.

ಒಂದು ಸಂಕಟದ ವಿಷಯ, ಕ್ಲಾಸಿಕ್ ಆದ್ರೂ ಕೇಳೋಕೇ ಸಿಗದೆ ಇರ್ಬಹುದು. ಡೆ ಲಾ ಸೋಲ್‌ನ 1989ರ ‘3 ಫೀಟ್ ಹೈ ಆಂಡ್ ರೈಸಿಂಗ್’ನಲ್ಲಿ ಸ್ಯಾಂಪಲ್‌ಗಳು ರಾಶಿ ರಾಶಿ, ಅವುಗಳ ಹಕ್ಕಿನ ತೊಡಕಿಂದ 2023ರ ಮಾರ್ಚ್‌ವರೆಗೂ ಅದು ಸ್ಟ್ರೀಮಿಂಗ್‌ಗೇ ಬರಲಿಲ್ಲ. ಅದಕ್ಕೆ ಕೆಲವೇ ವಾರ ಮುಂಚೆ ಗ್ರೂಪಿನ ಡೇವ್ ತೀರ್ಕೊಂಡ. ಒಂದಿಡೀ ತಲೆಮಾರಿನ ಹುಡುಗರು ಅದನ್ನ ಹೆಸರಲ್ಲಿ ಮಾತ್ರ ಕೇಳಿದ್ರು.

ಕನ್ನಡದ ಬಗ್ಗೆ. ಆಲ್ ಓಕೆ, ಚಂದನ್ ಶೆಟ್ಟಿ ಇವರ ಹಾಡುಗಳು ಮನೆಮನೆಗೂ ರ‍್ಯಾಪ್ ತಲುಪಿಸಿದ್ವು, ಬೆಂಗಳೂರಿನ ಬ್ರೋಧಾ ವಿ 2012ರಲ್ಲೇ ‘ಆತ್ಮ ರಾಮ’ದಲ್ಲಿ ಭಜನೆನೂ ಇಂಗ್ಲಿಷ್ ರ‍್ಯಾಪ್‌ನೂ ಸೇರಿಸಿದ. ಆದ್ರೆ ನಮ್ಮಲ್ಲಿ ಹೆಚ್ಚಾಗಿ ನಡೀತಿರೋದು ಒಂದೊಂದೇ ಹಾಡು, ಒಂದೊಂದೇ ಯೂಟ್ಯೂಬ್ ವಿಡಿಯೋ. ಹಾಡು ಹಿಟ್ ಆಗೋಕೆ ಅದು ಸಾಕು, ಆದ್ರೆ ಹತ್ತು ಹಾಡಲ್ಲಿ ಒಂದು ಏರಿಯಾನ, ಒಂದು ಬದುಕನ್ನ ಪೂರ್ತಿ ಕಟ್ಟೋಕೆ ಅದು ಜಾಗ ಕೊಡಲ್ಲ. ಆ ಅಳತೆಗೆ ನಿಲ್ಲೋ ಕನ್ನಡ ಆಲ್ಬಂನ ನಾನು ಇನ್ನೂ ಕೇಳಿಲ್ಲ. ನಿಮಗೆ ಗೊತ್ತಿದ್ರೆ ದಯವಿಟ್ಟು ಕೆಳಗೆ ಬರೀರಿ, ಇವತ್ತೇ ಕೇಳ್ತೀನಿ.

ನೀವು ಹೊಸಬರಾದ್ರೆ ಮೊದಲು ಕೆಂಡ್ರಿಕ್ ಆಲ್ಬಂ ಕೇಳಿ, ಕಥೆ ಇರೋದ್ರಿಂದ ಸುಲಭ, ಶಫಲ್ ಆಫ್ ಇರ್ಲಿ. ಆಮೇಲೆ ‘ಅಕ್ವೆಮಿನಿ’. ‘ಇಲ್‌ಮ್ಯಾಟಿಕ್’ನ ಮೂರನೇದಾಗಿ ಇಟ್ಕೊಳ್ಳಿ, ಮೊದಲ ಸಲ ಲಿರಿಕ್ಸ್ ಎದುರಿಗಿಟ್ಟುಕೊಂಡು, ಎರಡನೇ ಸಲ ಏನೂ ಇಲ್ಲದೆ ಹೆಡ್‌ಫೋನ್‌ನಲ್ಲಿ. ಅಲ್ಲಿನ ಸ್ಲ್ಯಾಂಗ್ ನಮಗೆ ಒಂದೇ ಸಲಕ್ಕೆ ಸಿಕ್ಕಲ್ಲ, ಅದಕ್ಕೆ ಬೇಜಾರಾಗಬೇಡಿ.