ವಾರಾಂತ್ಯದ ಪಂದ್ಯ, ಊರಿನ ತಂಡ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಶನಿವಾರ ಮಧ್ಯಾಹ್ನ ನಮ್ಮ ತಂಡದ ಫುಟ್‌ಬಾಲ್, ಸಂಜೆ ಕಬಡ್ಡಿ, ಭಾನುವಾರ ಟಿ20. ಮೂರಕ್ಕೂ ಮೈದಾನಕ್ಕೆ ಹೋಗುತ್ತೇನೆಂದರೆ ಮನೆಯಲ್ಲಿ ಒಪ್ಪುವುದಿಲ್ಲ. ಯಾವುದನ್ನು ಟಿ.ವಿ.ಗೆ ಬಿಡಲಿ?

ಉತ್ತರ: ಕ್ರಿಕೆಟ್ಟನ್ನು. ಚೆಂಡು ಎಷ್ಟು ತಿರುಗಿತು, ಬ್ಯಾಟಿನ ಅಂಚಿಗೆ ತಾಗಿತೋ ಇಲ್ಲವೋ ಎಂಬುದು ಕ್ಯಾಮೆರಾಗೆ ಕಂಡಷ್ಟು ಗ್ಯಾಲರಿಗೆ ಕಾಣುವುದಿಲ್ಲ. ಜತೆಗೆ ಒಂದು ಟಿ20 ಪಂದ್ಯ ಮೂರೂವರೆ ಗಂಟೆಯಷ್ಟು ಸಮಯ ತಿನ್ನುತ್ತದೆ.

ಫುಟ್‌ಬಾಲನ್ನು ಮಾತ್ರ ಮೈದಾನದಲ್ಲೇ ನೋಡಿ. ಟಿ.ವಿ. ಚೆಂಡಿನ ಬೆನ್ನು ಬಿಡುವುದಿಲ್ಲ. ಚೆಂಡು ಇಲ್ಲದ ಕಡೆ ಯಾರು ಜಾಗ ಮಾಡಿಕೊಂಡರು, ಡಿಫೆನ್ಸ್ ಸಾಲು ಒಟ್ಟಿಗೆ ಮುಂದೆ ಸರಿಯಿತೇ ಎಂಬುದು ಪರದೆಯ ಆಚೆಗೇ ಉಳಿಯುತ್ತದೆ. ಮುಂದಿನ ಸಾಲಿನ ಸೀಟಿಗೆ ಆಸೆಪಡಬೇಡಿ. ಅಲ್ಲಿ ಕಾಣುವುದು ಹತ್ತಿರದ ಆಟಗಾರರ ಬೆನ್ನು ಮಾತ್ರ. ನಡುಗೆರೆಯ ನೇರಕ್ಕೆ, ಆದಷ್ಟು ಎತ್ತರದಲ್ಲಿ ಕೂತರೆ ಇಡೀ ಮೈದಾನ ಕೈಗೆ ಸಿಗುತ್ತದೆ. 45 ನಿಮಿಷದ ಎರಡು ಅವಧಿ, 15 ನಿಮಿಷದ ವಿರಾಮ, ಇಂಜುರಿ ಟೈಮ್ ಎಲ್ಲ ಸೇರಿ ಎರಡು ಗಂಟೆಯೊಳಗೆ ಮುಗಿಯುತ್ತದೆ.

ಕಬಡ್ಡಿಗೆ ಎತ್ತರ ಬೇಡ. ಅಂಕಣದ ಪಕ್ಕದಲ್ಲಿ, ರೈಡರ್ ದಾಟಿದರೆ ಹೆಚ್ಚುವರಿ ಅಂಕ ಸಿಗುವ ಬೋನಸ್ ಗೆರೆಯ ನೇರಕ್ಕೆ ಕೂತುಕೊಳ್ಳಿ. ಕಾಲು ಗೆರೆ ದಾಟಿತೇ ಎಂಬ ಜಗಳ ನಿಮ್ಮ ಮಟ್ಟಿಗೆ ಅಲ್ಲೇ ಬಗೆಹರಿಯುತ್ತದೆ. 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ, ಮೇಲೆ ಟೈಮ್‌ಔಟ್‌ಗಳು. ಒಂದು ಗಂಟೆ ಮೀಸಲಿಟ್ಟರೆ ಸಾಕು.

ಪ್ರಶ್ನೆ: ನಮ್ಮ ಫುಟ್‌ಬಾಲ್ ತಂಡ ಸತತ ಮೂರು ಪಂದ್ಯಗಳನ್ನು 1-0ಯಿಂದ ಗೆದ್ದಿದೆ. ಗೆಳೆಯ ‘ಬರೀ ಅದೃಷ್ಟ’ ಎನ್ನುತ್ತಾನೆ. ಯಾರು ಸರಿ?

ಉತ್ತರ: ಮೂರು ಪಂದ್ಯ ನೋಡಿ ಇಬ್ಬರೂ ತೀರ್ಪು ಕೊಡುವಂತಿಲ್ಲ. ಗೋಲು ಅಪರೂಪವಾದ ಆಟದಲ್ಲಿ ಯಾರದೋ ಕಾಲಿಗೆ ತಾಗಿ ದಿಕ್ಕು ಬದಲಿಸಿದ ಒಂದು ಚೆಂಡು ಫಲಿತಾಂಶವನ್ನೇ ಬದಲಿಸುತ್ತದೆ. ಈ ಶನಿವಾರ ಒಂದು ಚೀಟಿ, ಪೆನ್ನು ಒಯ್ಯಿರಿ. ಪೆನಾಲ್ಟಿ ಏರಿಯಾದ ಒಳಗಿನಿಂದ ಬಂದ ಹೊಡೆತಗಳನ್ನು ಒಂದು ಸಾಲಿನಲ್ಲಿ, ಹೊರಗಿನವನ್ನು ಇನ್ನೊಂದರಲ್ಲಿ, ಎರಡೂ ತಂಡಕ್ಕೆ ಗುರುತು ಹಾಕುತ್ತಾ ಹೋಗಿ. ದೂರದ ಹೊಡೆತಗಳಿಗೆ ಚಪ್ಪಾಳೆ ಜಾಸ್ತಿ, ಗೋಲು ಕಡಿಮೆ. ಪೆನಾಲ್ಟಿ ಕಿಕ್ ಸರಿಸುಮಾರು ನಾಲ್ಕರಲ್ಲಿ ಮೂರು ಸಲ ಗೋಲಾಗುವುದರಿಂದ ಅದನ್ನು ಬೇರೆಯೇ ಬರೆದುಕೊಳ್ಳಿ.

ಎಡವುವುದು ಎಲ್ಲಿ ಗೊತ್ತೇ? ಮುನ್ನಡೆ ಪಡೆದ ತಂಡ ಹಿಂದೆ ಸರಿದು ಕೋಟೆ ಕಟ್ಟಿಕೊಳ್ಳುತ್ತದೆ, ಎದುರಾಳಿಯ ಹೊಡೆತಗಳು ತಾವಾಗಿಯೇ ಏರುತ್ತವೆ. ಆದ್ದರಿಂದ ಸ್ಕೋರು ಸಮವಿದ್ದ ಹೊತ್ತಿನ ಲೆಕ್ಕವನ್ನು ಪ್ರತ್ಯೇಕಿಸಿ ನೋಡಿ. ರೆಡ್ ಕಾರ್ಡ್ ಬಿದ್ದ ಮೇಲಿನದನ್ನು ಕೈಬಿಡಿ. ಸಮಬಲದ ಹೊತ್ತಿನಲ್ಲೂ ಎದುರಾಳಿಯೇ ಒಳಗಿನಿಂದ ಹೆಚ್ಚು ಹೊಡೆದಿದ್ದರೆ ನಿಮ್ಮ ತಂಡ ಗೋಲ್‌ಕೀಪರ್ ಪುಣ್ಯದಿಂದ ಗೆಲ್ಲುತ್ತಿದೆ ಎಂದರ್ಥ. ಗೆಳೆಯನಿಗೆ ಕಾಫಿ ಕೊಡಿಸಿ.

ಪ್ರಶ್ನೆ: ನಾನು ಹಾಕಿದ ನೆಟ್ ರನ್ ರೇಟ್ ಯಾವತ್ತೂ ಅಧಿಕೃತ ಪಟ್ಟಿಗೆ ಹೊಂದುವುದಿಲ್ಲ. ತಪ್ಪು ಎಲ್ಲಿ?

ಉತ್ತರ: ಬಹುಶಃ ಮೂರರಲ್ಲಿ ಒಂದು ಕಡೆ. ನೆಟ್ ರನ್ ರೇಟ್ ಎಂದರೆ ಓವರಿಗೆ ಗಳಿಸಿದ ರನ್‌ನಿಂದ ಓವರಿಗೆ ಬಿಟ್ಟುಕೊಟ್ಟ ರನ್ ಕಳೆದದ್ದು. ಒಂದು ಲೆಕ್ಕ ಹಾಕಿಯೇ ನೋಡೋಣ. ಮೊದಲ ಪಂದ್ಯದಲ್ಲಿ ನಿಮ್ಮ ತಂಡ 17 ಓವರ್‌ಗಳಲ್ಲಿ 160ಕ್ಕೆ ಆಲೌಟ್; ಎದುರಾಳಿ 18.3 ಓವರ್‌ಗಳಲ್ಲಿ 161 ಹೊಡೆದು ಗೆದ್ದಿತು. ಎರಡನೆಯದರಲ್ಲಿ ನಿಮ್ಮವರು 20 ಓವರ್‌ಗಳಲ್ಲಿ 180; ಎದುರಾಳಿ 16.2 ಓವರ್‌ಗಳಲ್ಲಿ 140ಕ್ಕೆ ಆಲೌಟ್.

ಆಲೌಟ್ ಆದ ತಂಡ ಆಡಿದ್ದು ಎಷ್ಟೇ ಇರಲಿ, ಪೂರ್ತಿ 20 ಓವರ್ ಎಂದೇ ಹಿಡಿಯಬೇಕು. ಹಾಗಾಗಿ ನೀವು ಗಳಿಸಿದ್ದು 40 ಓವರ್‌ಗಳಲ್ಲಿ 340, ಅಂದರೆ 8.5. ಬಿಟ್ಟುಕೊಟ್ಟದ್ದು 301 ರನ್. ಅದರ ಓವರ್‌ಗಳು 38.5, ಏಕೆಂದರೆ 18.3 ಎಂದರೆ ಹದಿನೆಂಟೂವರೆ ಓವರ್, ಎರಡನೆಯ ಪಂದ್ಯದಲ್ಲಿ ಆಲೌಟ್ ಆದ ಎದುರಾಳಿಯದು ಪೂರ್ತಿ 20. ಚುಕ್ಕಿಯ ಮುಂದಿರುವುದು ಎಸೆತಗಳು, ದಶಮಾಂಶವಲ್ಲ. 301ನ್ನು 38.5ರಿಂದ ಭಾಗಿಸಿದರೆ 7.818. ವ್ಯತ್ಯಾಸ +0.682.

ಕ್ಯಾಲ್ಕುಲೇಟರ್‌ಗೆ 38.3 ಎಂದು ಒತ್ತಿದರೆ +0.641 ಬರುತ್ತದೆ. ಪಂದ್ಯವಾರು ರೇಟ್ ತೆಗೆದು ಸರಾಸರಿ ಮಾಡಿದರೆ +0.649. ಆಲೌಟ್ ನಿಯಮ ಮರೆತರೆ +0.548. ಈ ಚಿಲ್ಲರೆಗೂ ಬೆಲೆಯಿದೆ: 2019ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್, ಪಾಕಿಸ್ತಾನ ಎರಡೂ 11 ಅಂಕ ಗಳಿಸಿದ್ದವು, ಸೆಮಿಫೈನಲ್‌ಗೆ ಹೋದದ್ದು ರನ್ ರೇಟ್‌ನಲ್ಲಿ ಮುಂದಿದ್ದ ನ್ಯೂಜಿಲೆಂಡ್.

ಪ್ರಶ್ನೆ: ಭಾನುವಾರ ಮಳೆ ಬಂದರೆ?

ಉತ್ತರ: ಟಿ20ಯಲ್ಲಿ ಫಲಿತಾಂಶಕ್ಕೆ ಎರಡನೆಯ ಸರದಿಯಲ್ಲಿ ಕನಿಷ್ಠ 5 ಓವರ್ ಆಟ ಬೇಕು. ಮೋಡ ಕವಿದಾಗ ರನ್ ರೇಟ್ ಒಂದನ್ನೇ ನೋಡುತ್ತಾ ಕೂರಬೇಡಿ. ಮಳೆಗೆ ಆಟ ಕಡಿತವಾದಾಗ ಗುರಿಯನ್ನು ಮರುಲೆಕ್ಕ ಹಾಕುವ ಡಕ್ವರ್ತ್–ಲೂಯಿಸ್–ಸ್ಟರ್ನ್ ಪದ್ಧತಿ ಉಳಿದ ಓವರ್‌ಗಳ ಜತೆ ಕೈಯಲ್ಲಿರುವ ವಿಕೆಟ್‌ಗಳನ್ನೂ ತೂಗುತ್ತದೆ. ವಿಕೆಟ್ ಬಿದ್ದ ಮರುಗಳಿಗೆಯೇ ಪಾರ್ ಸ್ಕೋರ್, ಅಂದರೆ ಬೆನ್ನಟ್ಟುವ ತಂಡ ಆ ಹೊತ್ತಿಗೆ ಗಳಿಸಿರಬೇಕಾದ ರನ್, ಮೇಲೇರುತ್ತದೆ. ಮಳೆ ಹನಿಯುವಾಗ ಸಿಕ್ಸರ್‌ಗೆ ಹೋಗಿ ಔಟಾದವನ ಮೇಲೆ ನಿಮಗೆ ಸಿಟ್ಟು ಬಂದರೆ ಅದು ನ್ಯಾಯವಾದ ಸಿಟ್ಟು. 1992ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ 13 ಎಸೆತಗಳಲ್ಲಿ 22 ಬೇಕಿದ್ದದ್ದು ಮಳೆ ನಿಂತ ಮೇಲೆ ಒಂದೇ ಎಸೆತಕ್ಕೆ 21 ಆಗಿತ್ತು. ಅಂಥ ಹಳೆಯ ಪದ್ಧತಿಗಳ ಜಾಗಕ್ಕೆ ಡಕ್ವರ್ತ್–ಲೂಯಿಸ್ ಮೊದಲು ಬಂದದ್ದು 1997ರಲ್ಲಿ.

ಪ್ರಶ್ನೆ: ನಮ್ಮ ಕಬಡ್ಡಿ ತಂಡ ಕೊನೆಯ ಐದು ನಿಮಿಷದವರೆಗೆ ಮುಂದಿದ್ದು ಸೋಲುತ್ತದೆ. ದಮ್ಮು ಸಾಲುತ್ತಿಲ್ಲವೇ?

ಉತ್ತರ: ದಮ್ಮಿಗಿಂತ ಲೆಕ್ಕಾಚಾರದ ಮೇಲೆ ನಮಗೆ ಅನುಮಾನ. ಪ್ರೊ ಕಬಡ್ಡಿ ಮಾದರಿಯ ನಿಯಮದಲ್ಲಿ ಒಂದು ರೈಡ್‌ಗೆ 30 ಸೆಕೆಂಡು. ಮುನ್ನಡೆಯಲ್ಲಿರುವ ತಂಡ ರೈಡರ್ ದಾಟಲೇಬೇಕಾದ ಬಾಕ್ ಲೈನನ್ನಷ್ಟೇ ದಾಟಿ ಬರಿಗೈಲಿ ವಾಪಸಾಗುತ್ತಾ ಸಮಯ ಕಳೆಯುತ್ತದೆ. ಆದರೆ ಸತತ ಎರಡು ರೈಡ್ ಖಾಲಿ ಹೋದರೆ ಮೂರನೆಯದು ‘ಡು ಆರ್ ಡೈ’. ಅಂಕ ತಾರದವನು ಔಟ್. ಐದು ನಿಮಿಷದಲ್ಲಿ ನಿಮ್ಮ ಪಾಲಿಗೆ ಪೂರ್ತಿ 30 ಸೆಕೆಂಡಿನ ಐದು ರೈಡ್ ಬಂದರೂ ಅದರಲ್ಲಿ ಒಂದಾದರೂ ಅಂಥದ್ದು ಬಂದೇ ಬರುತ್ತದೆ. ಆ ಮೂರನೆಯ ರೈಡ್‌ಗೆ ಯಾರನ್ನು ಕಳಿಸುತ್ತಾರೆ ನೋಡಿ. ಇಡೀ ಪಂದ್ಯ ಓಡಿ ದಣಿದ ಮುಖ್ಯ ರೈಡರನ್ನೇ ಕಳಿಸುತ್ತಿದ್ದರೆ ಸೋಲಿನ ಬಾಗಿಲು ಅಲ್ಲೇ ತೆರೆಯುತ್ತದೆ.

ಇನ್ನೊಂದು, ಸ್ಕೋರ್‌ಬೋರ್ಡ್‌ಗಿಂತ ಅಂಕಣದ ಮೇಲಿನ ತಲೆಗಳನ್ನು ಎಣಿಸಿ. ಬೋನಸ್ ಅಂಕ ಬಂದರೂ ಔಟಾಗಿ ಹೊರಗೆ ಕೂತವರು ಒಳಬರುವುದಿಲ್ಲ. ಬೋನಸ್ ಮೇಲೆ ಬೋನಸ್ ತಂದು ಎರಡು ಅಂಕ ಮುಂದಿರುವ ತಂಡದಲ್ಲಿ ಇಬ್ಬರೇ ಉಳಿದಿದ್ದರೆ, ಅವರು ಔಟಾಗುವ 2 ಅಂಕ, ಇಡೀ ತಂಡ ಔಟಾದದ್ದಕ್ಕೆ ಸಿಗುವ ಲೋನಾದ 2 ಅಂಕ ಸೇರಿ ನಾಲ್ಕು ಅಂಕ ಒಮ್ಮೆಲೇ ಎದುರಾಳಿಯ ಖಾತೆಗೆ ಹೋಗಬಹುದು. ಮೂವರೋ ಕಡಿಮೆಯೋ ಇದ್ದಾಗ ಎದುರಾಳಿ ರೈಡರನ್ನು ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಹಾಗೆಂದು ಹತ್ತನೆಯ ಸೆಕೆಂಡಿಗೇ ಮುನ್ನುಗ್ಗುವ, ಮೂಲೆ ಕಾಯುವ ಕಾರ್ನರ್ ಆಟಗಾರ ಆ ಅವಕಾಶವನ್ನೂ ಹಾಳುಮಾಡುತ್ತಾನೆ. ಎದುರಾಳಿಯದು ಡು ಆರ್ ಡೈ ಆಗಿದ್ದರೆ ಕಾಯುವುದೇ ಸರಿ, ಸಮಯ ಅವನನ್ನು ತಾನಾಗಿ ಒಳಗೆ ತಳ್ಳುತ್ತದೆ.

ಪ್ರಶ್ನೆ: ಫುಟ್‌ಬಾಲ್ ಪಟ್ಟಿಯಲ್ಲಿ ಅಂಕ ಸಮವಾದರೆ ಮುಂದೆ ಯಾರು?

ಉತ್ತರ: ಟೂರ್ನಿಯ ನಿಯಮ ಓದಿ, ಊಹಿಸಬೇಡಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಮೊದಲು ಗೋಲು ವ್ಯತ್ಯಾಸ ನೋಡುತ್ತದೆ, ಸ್ಪೇನ್‌ನ ಲಾ ಲಿಗಾ ಮುಖಾಮುಖಿ ಫಲಿತಾಂಶ ನೋಡುತ್ತದೆ. 2018ರ ವಿಶ್ವಕಪ್‌ನಲ್ಲಿ ಜಪಾನ್ ಮತ್ತು ಸೆನೆಗಲ್ ಎಲ್ಲದರಲ್ಲೂ ಸಮವಾಗಿ, ಕಡಿಮೆ ಹಳದಿ ಕಾರ್ಡ್ ಪಡೆದ ಜಪಾನ್ ಮುಂದಿನ ಸುತ್ತಿಗೆ ಹೋಯಿತು.