ತಮ್ಮ ಸಮುದ್ರಕ್ಕೆ ಹೋಗ್ತೀನಿ ಅಂತಾನೆ, ಕಳಿಸಲಾ?

ಬಾಗಲಕೋಟೆ ನವನಗರದ ಓದುಗರೊಬ್ಬರ ಪತ್ರ: ‘ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ತಮ್ಮನ ಕಾಲುಗಳಿಗೆ ಸ್ವಾಧೀನ ಇಲ್ಲ. ಗೆಳೆಯರ ಜೊತೆ ಮೂಲ್ಕಿಗೆ ಸರ್ಫಿಂಗ್ ಕಲಿಯಲು ಹೋಗ್ತೀನಿ ಅಂತಾನೆ. ಮೊದಲು ನಡೆಯಲಿ, ಉಳಿದದ್ದು ಆಮೇಲೆ ಅಂತಾರೆ ಮನೆಯವರು. ನೀವೇನಂತೀರಿ?’

ಕಳಿಸಿ. ತಯಾರಿ ಮಾಡಿಕೊಂಡು ಕಳಿಸಿ.

ನಡೆದ ಮೇಲಷ್ಟೇ ಸಂತೋಷ ಅಂದರೆ, ನಡೆಯಲಾಗದಿದ್ದರೆ ನಿಮ್ಮ ತಮ್ಮ ಜೀವನಪೂರ್ತಿ ಕಾಯುತ್ತ ಕೂರಬೇಕಾ? ಬದುಕಿನ ಗುಣಮಟ್ಟ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯದೊಂದು 26 ಪ್ರಶ್ನೆಗಳ ಪಟ್ಟಿ ಇದೆ. ನೋವು, ನಿದ್ದೆ, ಓಡಾಟದ ಜೊತೆಗೆ ಗೆಳೆತನದ ಬಗ್ಗೆ, ವಿರಾಮದ ಬಗ್ಗೆಯೂ ಅದು ಕೇಳುತ್ತದೆ. ಅಂಗವೈಕಲ್ಯ ಇದ್ದವರಿಗೂ ಇಲ್ಲದವರಿಗೂ ಅವೇ ಪ್ರಶ್ನೆಗಳು.

ಸರ್ಫಿಂಗ್ ಅಂದರೆ ಹಲಗೆ ಹತ್ತಿ ಅಲೆಯ ಮೇಲೆ ಜಾರುವುದು. ಅದಕ್ಕೆ ಹಲಗೆ ಮೇಲೆ ನಿಲ್ಲಲೇಬೇಕು ಅಂತೇನಿಲ್ಲ. ಅಂಗವೈಕಲ್ಯ ಇರುವವರಿಗೆ 2015ರಿಂದ ವಿಶ್ವ ಚಾಂಪಿಯನ್‌ಷಿಪ್ಪೇ ನಡೆಯುತ್ತಿದೆ. ಕೆಲವರು ಮೊಣಕಾಲೂರುತ್ತಾರೆ, ಕೆಲವರು ಕೂತು ಹುಟ್ಟು ಹಾಕುತ್ತಾರೆ. ನಿಮ್ಮ ತಮ್ಮನಂಥವರು ಬೋರಲು ಮಲಗಿ, ಹಲಗೆಯ ಹಿಡಿಕೆ ಹಿಡಿಯುತ್ತಾರೆ. ಒಬ್ಬರು ಅಲೆ ನೋಡಿ ಹಿಂದಿನಿಂದ ತಳ್ಳುತ್ತಾರೆ, ದಡದ ಹತ್ತಿರ ಇನ್ನೊಬ್ಬರು ಹಿಡಿಯುತ್ತಾರೆ. ನಡುವೆ ಹಲಗೆಯನ್ನು ಎಡಕ್ಕೆ, ಬಲಕ್ಕೆ ವಾಲಿಸುವುದು ಅವನದೇ ತೋಳು, ಭುಜ. ಗಾಲಿಕುರ್ಚಿ ತಳ್ಳಿ ಗಟ್ಟಿಯಾದ ತೋಳುಗಳು ಅವು! ಮೊದಲ ದಿನ ಅವನ ಗೆಳೆಯರನ್ನೂ ತರಬೇತುದಾರರು ಹೀಗೇ ಮಲಗಿಸಿ ತಳ್ಳುತ್ತಾರೆ. ಸೋರೆಬುರುಡೆ ಕಟ್ಟಿಕೊಂಡು ಘಟಪ್ರಭೆಯಲ್ಲಿ ಈಸಲು ಕಲಿತ ಹುಡುಗರನ್ನು ನಮ್ಮಲ್ಲಿ ಯಾರೂ ಕೀಳಾಗಿ ನೋಡಲಿಲ್ಲ, ಅಲ್ವಾ?

ಎಚ್ಚರ ಮಾತ್ರ ಜಾಸ್ತಿ ಬೇಕು. ಮೊದಲು ಡಾಕ್ಟರನ್ನು ಕೇಳಿ. ಸ್ಪರ್ಶ ತಿಳಿಯದ ಕಾಲಿಗೆ ಬಿಸಿ ಮರಳು ಸುಟ್ಟರೂ, ಹಲಗೆ ಉಜ್ಜಿ ಗಾಯವಾದರೂ ಗೊತ್ತಾಗುವುದಿಲ್ಲ. ಕಾಲು ಪೂರ್ತಿ ಮುಚ್ಚುವ ಬಟ್ಟೆ ಹಾಕಲಿ. ನೀರಿನಿಂದ ಬಂದ ಮೇಲೆ ಚರ್ಮ ನೋಡಿ. ಈಗಾಗಲೇ ಒತ್ತುಹುಣ್ಣು ಇದ್ದರೆ ವಾಸಿಯಾಗುವ ತನಕ ಬೇಡ. ಪೆಟ್ಟು ಎದೆಯ ಮೇಲ್ಭಾಗದಲ್ಲೋ ಕುತ್ತಿಗೆಯಲ್ಲೋ ಆಗಿದ್ದರೆ ದೇಹ ತನ್ನ ಬಿಸಿಯನ್ನು ಸರಿಯಾಗಿ ಹಿಡಿದಿಟ್ಟುಕೊಳ್ಳುವುದಿಲ್ಲ. ಅಂಥವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿದು ಬೆವರು ಕಿತ್ತರೆ, ರಕ್ತದೊತ್ತಡ ಏರಿರಬಹುದು. ತಕ್ಷಣ ದಡಕ್ಕೆ ತಂದು ಕೂರಿಸಿ, ಡಾಕ್ಟರಿಗೆ ತೋರಿಸಿ. ನೀರಿಗೆ ಬಿದ್ದು ಬೋರಲಾದಾಗ ತಾನೇ ಮಗುಚಿಕೊಂಡು ಮುಖ ಮೇಲೆ ಮಾಡುವುದನ್ನು ಈಜುಕೊಳದಲ್ಲಿ, ಪಕ್ಕದಲ್ಲಿ ತರಬೇತುದಾರರನ್ನು ಇಟ್ಟುಕೊಂಡು, ಕಲಿಯಲಿ. ಆಲಮಟ್ಟಿ ಹಿನ್ನೀರಿನಲ್ಲಿ ಖಂಡಿತ ಬೇಡ. ಮಳೆಗಾಲದಲ್ಲಿ ಸಮುದ್ರವೂ ಬೇಡ.

ನನಗೆ ಸಿಟ್ಟು ಬರುವುದು ಅಲೆಯ ಬಗ್ಗೆ ಅಲ್ಲ, ಮರಳಿನ ಬಗ್ಗೆ. ಗಾಲಿಕುರ್ಚಿ ಹೂತು ನೀರಿನ ತನಕ ಹೋಗುವುದೇ ಇಲ್ಲ. ಚೆನ್ನೈನ ಮರೀನಾದಲ್ಲಿ 2022ರಲ್ಲಿ ಮರದ ದಾರಿ ಹಾಕಿದರು. ಅಂಥದ್ದು ನಮ್ಮ ಕರಾವಳಿಯ ಊರೂರಲ್ಲೂ ಬೇಕು. ಕ್ರೀಡೆ, ಮನರಂಜನೆಯಲ್ಲೂ ಸಮಾನ ಅವಕಾಶ ಕೊಡಿ ಅನ್ನುತ್ತದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ.

ಅಲ್ಲಿಯವರೆಗೆ, ಸರ್ಫಿಂಗ್ ಶಾಲೆಗೆ ಮೊದಲೇ ಫೋನ್ ಮಾಡಿ. ಇಂಥವರಿಗೆ ಕಲಿಸಿ ರೂಢಿ ಇದೆಯಾ, ನೀರಿನಲ್ಲಿ ಎಷ್ಟು ಜನ ಜೊತೆಗಿರುತ್ತಾರೆ, ಮರಳು ದಾಟಿಸುವುದು ಹೇಗೆ, ಶೌಚಾಲಯದೊಳಗೆ ಕುರ್ಚಿ ಹೋಗುತ್ತದಾ ಅಂತ ಕೇಳಿ. ತನ್ನನ್ನು ಹೇಗೆ ಎತ್ತಬೇಕು ಅನ್ನುವುದನ್ನು ತಮ್ಮನೇ ಗೆಳೆಯರಿಗೆ ಹೇಳಿಕೊಡಲಿ. ನೀವೂ ಜೊತೆಗೆ ಹೋಗಿ, ದಡದಲ್ಲಿ ಸುಮ್ನೆ ಕೂರಬೇಡಿ. ನಿಮಗೂ ಒಂದು ಹಲಗೆ ಹೇಳಿಡಿ.

— ಸಂಪಾದಕ