ಮಹಿಳಾ ಬ್ಲಾಗರ್‌ಗಳ ಸಮ್ಮೇಳನದಲ್ಲಿ ಮಾತಾಡಲು ಕರೆದಿದ್ದಾರೆ. ನನ್ನ ಇಂಗ್ಲಿಷ್ ಸಾಲದು, ಹೋಗಲಾ ಬೇಡವಾ?

ಇಳಕಲ್ಲಿನಲ್ಲಿದ್ದುಕೊಂಡು ಮಗ್ಗದ ಬಗ್ಗೆ ಕನ್ನಡದಲ್ಲಿ ಬರೆಯುತ್ತೀರಿ. ಬೆಂಗಳೂರಿನವರು ಬಂದು 15 ನಿಮಿಷ ಮಾತಾಡಿ ಅಂದಿದ್ದಾರೆ. ನೀವು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಹುಡುಕುತ್ತಿದ್ದೀರಿ. ನಮ್ಮ ಕಡೆಯ ಕನ್ನಡ ಕೇಳಿದರೆ ನಗುತ್ತಾರೇನೋ ಅನ್ನುವ ಅಂಜಿಕೆ ಬೇರೆ. ಇದನ್ನು ಓದುತ್ತಾ ನನಗೆ ಮೈಯೆಲ್ಲಾ ಬಿಸಿಯಾಯಿತು. ಇದೇ ಅಂಜಿಕೆಯಲ್ಲಿ ನಾನೂ ಅಂಥದ್ದೇ ಒಂದು ವೇದಿಕೆ ಹತ್ತಿ, ಏನೂ ಹೇಳಲಾಗದೆ ಇಳಿದು ಬಂದವಳು.

ನಾನು ಬಾಗಲಕೋಟೆಯ ನವನಗರದವಳು. ನನ್ನ ಬ್ಲಾಗ್ ಇರುವುದು ಮುಳುಗಡೆ ಬಗ್ಗೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೇ ಊರಿನ ಒಂದು ಭಾಗವನ್ನು ತೆಗೆದುಕೊಂಡಿತು, ಜನ ಸೆಕ್ಟರ್ ನಂಬರುಗಳ ನವನಗರಕ್ಕೆ ಬಂದರು. ಬರುವಾಗ ಹೆಂಗಸರು ಏನೇನು ಹೊತ್ತು ತಂದರು ಅಂತ ನಾನು ಮನೆ ಮನೆಗೆ ಹೋಗಿ ಕೇಳಿ ಬರೆಯುತ್ತಿದ್ದೆ. ಬೀಸುಕಲ್ಲು, ಒಳ್ಳು, ಬಾಗಿಲ ಚೌಕಟ್ಟು. ಒಬ್ಬ ಅಜ್ಜಿ ಹಳೇ ಒಲೆ ಒಡೆದು ಅದರ ಮಣ್ಣನ್ನೇ ಬುಟ್ಟಿಯಲ್ಲಿ ತುಂಬಿಕೊಂಡು ಬಂದಿದ್ದಳು. ಹೊಸ ಮನೆಯಲ್ಲಿ ಒಲೆ ಹಾಕಲು ಜಾಗವೇ ಇರಲಿಲ್ಲ. ಆ ಮಣ್ಣು ಕೊನೆಗೆ ತುಳಸಿ ಕಟ್ಟೆಗೆ ಹೋಯಿತು. ಇಂಥವನ್ನು ಓದುವವರು ಒಂದಷ್ಟು ಜನ ಇದ್ದರು. ಅವರಲ್ಲಿ ಯಾರೋ ಒಬ್ಬರು ನನ್ನ ಹೆಸರು ಹೇಳಿ, ಆ ಸಮ್ಮೇಳನಕ್ಕೆ ಕರೆ ಬಂತು.

ಕರೆ ಬಂದ ಮೇಲೆ ಭಾಷಣವನ್ನು ಮೊಬೈಲಿನಲ್ಲೇ ಬರೆದೆ. ನಾನು ಬ್ಲಾಗ್ ಬರೆಯುವುದೂ ಹಾಗೇ. ಅವ್ವನಿಗೆ ಓದಿ ಹೇಳಿದೆ, ಅವಳು ಒಲೆ ಮಣ್ಣಿನ ಕಡೆ ಬಂದಾಗ ಮೂಗು ಒರೆಸಿಕೊಂಡಳು. ಅಲ್ಲಿಗೇ ನಿಲ್ಲಿಸಿದ್ದರೆ ಈ ಉತ್ತರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಬೆಂಗಳೂರು ಅಲ್ವಾ, ಇಷ್ಟು ಸಾದಾ ಇದ್ದರೆ ಹೇಗೆ ಅನಿಸಿತು. ನಮ್ಮ ಓಣಿಯಲ್ಲಿ ಒಬ್ಬರು ಲೆಕ್ಚರರ್ ಇದ್ದರು. ಒಯ್ದು ತೋರಿಸಿದೆ. "ವಿಷಯ ಛಲೋ ಐತಿ ತಂಗಿ, ಆದ್ರ ಭಾಷಾ ಮನ್ಯಾಗ ಮಾತಾಡಿದಂಗ ಐತಿ. ನಾ ಸ್ವಲ್ಪ ತಿದ್ದಿ ಕೊಡ್ತೀನಿ" ಅಂದರು.

ತಿದ್ದಿ ಕೊಟ್ಟರು. "ಸಮಕಾಲೀನ ಡಿಜಿಟಲ್ ಯುಗದಲ್ಲಿ ಸ್ತ್ರೀ ಸಂವೇದನೆಯ ನೆಲೆಗಳು" ಅಂತ ಶುರುವಾಯಿತು. ನಮ್ಮ ಕಡೆ ಹೆಂಗಸರ ಯಾವ ಕಾರ್ಯಕ್ರಮವಾದರೂ ಅಕ್ಕಮಹಾದೇವಿಯಿಂದ ಹೊರಟು ಕಿತ್ತೂರು ಚೆನ್ನಮ್ಮನ ಹತ್ತಿರ ಬಂದು ನಿಲ್ಲಬೇಕು. ಅದೂ ಆಯಿತು. ಅಷ್ಟರಲ್ಲಿ ಅಜ್ಜಿಯ ಒಲೆ ಮಣ್ಣು ಒಂದು ಸಾಲಿಗೆ ಇಳಿದಿತ್ತು. ನನಗೆ ಬೇಜಾರಾಗಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯಾಯಿತು, ಈಗ ಇದು ಭಾಷಣದ ಥರ ಕಾಣುತ್ತಿದೆ ಅಂತ.

ಅದನ್ನು ಸ್ಲೈಡ್ ಮಾಡಿಸಲು ಬಸ್ ಸ್ಟ್ಯಾಂಡ್ ಹತ್ತಿರದ ಡಿಟಿಪಿ ಅಂಗಡಿಗೆ ಕೊಟ್ಟೆ. ಹುಡುಗ ಚೆನ್ನಾಗಿಯೇ ಮಾಡಿಕೊಟ್ಟ. ಅಂಚಿಗೆ ಬಳ್ಳಿ, ಹಿಂದೆ ಅಣೆಕಟ್ಟಿನ ಚಿತ್ರ, ದಪ್ಪ ದಪ್ಪ ಅಕ್ಷರ. ಇಡೀ ಭಾಷಣ ಪರದೆ ಮೇಲೆ ಬರುತ್ತದೆ, ನೋಡಿಕೊಂಡು ಓದಿದರಾಯಿತು ಅಂದುಕೊಂಡು ಕಾಗದವನ್ನೂ ಇಟ್ಟುಕೊಳ್ಳಲಿಲ್ಲ. ಪೆನ್‌ಡ್ರೈವ್ ಪರ್ಸಿನಲ್ಲಿ ಹಾಕಿಕೊಂಡು ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆ.

ಆ ಹುಡುಗ ಟೈಪ್ ಮಾಡಿದ್ದು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಅಕ್ಷರದಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಮೊಬೈಲಿನಲ್ಲಿ, ಬ್ಲಾಗಿನಲ್ಲಿ ಇರುವುದು ಯೂನಿಕೋಡ್. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸ್ವಂತ ಸಂಖ್ಯೆ ಇದೆ, 1991ರ ಮೊದಲ ಆವೃತ್ತಿಯಿಂದಲೂ ಇದೆ. ಹಾಗಾಗಿ ಇಲ್ಲಿ ಬರೆದ "ಕ" ಅಮೆರಿಕದ ಕಂಪ್ಯೂಟರಿನಲ್ಲೂ "ಕ" ಅಂತಲೇ ತೆರೆದುಕೊಳ್ಳುತ್ತದೆ. ಹಳೇ ಡಿಟಿಪಿ ಪದ್ಧತಿ ಹಾಗಲ್ಲ. ಅಲ್ಲಿ ಫೈಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಗುರುತುಗಳ ಸಂಖ್ಯೆ. ಅವಕ್ಕೆ ಕನ್ನಡದ ರೂಪ ತೊಡಿಸುವುದು ಫಾಂಟ್. ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇದೆ, ಕನ್ನಡ ಕಾಣುತ್ತದೆ. ಇನ್ನೊಂದು ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೆ ಒಳಗಿರುವ ಇಂಗ್ಲಿಷ್ ಕಸ ಹೊರಗೆ ಬರುತ್ತದೆ. ಇದು ನುಡಿಯ ತಪ್ಪಲ್ಲ, ಈಗಿನ ನುಡಿಯಲ್ಲಿ ಯೂನಿಕೋಡ್ ಕೂಡ ಇದೆ. ಹುಡುಗನ ತಪ್ಪೂ ಅಲ್ಲ. ಅವನು ದಿನಾ ಲಗ್ನಪತ್ರಿಕೆ ಮಾಡುವವನು, ಪ್ರಿಂಟ್ ತೆಗೆದರೆ ಅವನ ಕೆಲಸ ಮುಗಿಯಿತು. ಪಿಡಿಎಫ್ ಮಾಡಿಕೊಡು ಅಂದಿದ್ದರೂ ಸಾಕಿತ್ತು, ಪಿಡಿಎಫ್ ಮಾಡುವಾಗ ಫಾಂಟೂ ಒಳಗೇ ಸೇರುತ್ತದೆ. ಅಥವಾ ಪೆನ್‌ಡ್ರೈವನ್ನು ಬೇರೆ ಒಂದು ಕಂಪ್ಯೂಟರಿಗೆ ಹಾಕಿ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ.

ಸಭೆ ಚೆನ್ನಾಗಿ ಶುರುವಾಯಿತು. ಮೊದಲು ಮಾತಾಡಿದವರು ಅಮೆರಿಕದ ಬ್ಲಾಗ್‌ಹರ್ ಅನ್ನುವ ಸಮ್ಮೇಳನದ ಕಥೆ ಹೇಳಿದರು. ಬ್ಲಾಗ್ ಬರೆಯುವ ಹೆಂಗಸರು ಎಲ್ಲಿದ್ದಾರೆ ಅಂತ ಪದೇ ಪದೇ ಕೇಳುವವರಿಗೆ ಉತ್ತರವಾಗಿ ಲೀಸಾ ಸ್ಟೋನ್, ಎಲಿಸಾ ಕಾಮಹೋರ್ಟ್, ಜೋರಿ ಡೆ ಜಾರ್ಡಿನ್ಸ್ ಅನ್ನುವ ಮೂವರು 2005ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಮ್ಮೇಳನವನ್ನೇ ಮಾಡಿಬಿಟ್ಟರಂತೆ. ನನಗೆ ಅದು ಬಹಳ ಹಿಡಿಸಿತು. ಅದರ ಗುಂಗಿನಲ್ಲೇ ವೇದಿಕೆಗೆ ಹೋದೆ.

ಪರದೆ ಮೇಲೆ "ಕನ್ನಡ" ಅಂತ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಎಳೆದ ಎ, ಪೌಂಡಿನ ಗುರುತು, ಮತ್ತೆ ಗೀಟಿನ ಎ. ಸ್ಲೈಡ್ ತುಂಬಾ ಹಾಗೇ. ಸುತ್ತಲೂ ಮಾತ್ರ ಬಳ್ಳಿ ಚೆನ್ನಾಗಿ ಕಾಣುತ್ತಿತ್ತು. ಒಬ್ಬ ಹುಡುಗ ಬಂದು ಫಾಂಟ್ ಬದಲಿಸಿ ಬದಲಿಸಿ ನೋಡಿದ. ನಾನು ಮೈಕ್ ಮುಂದೆ ನಿಂತಿದ್ದೆ. ಭಾಷಣ ನೆನಪು ಮಾಡಿಕೊಳ್ಳಲು ನೋಡಿದೆ. ಸಮಕಾಲೀನ ಅನ್ನುವವರೆಗೆ ಬಂತು, ಮುಂದಕ್ಕೆ ಬರಲಿಲ್ಲ. ಬರುವುದಾದರೂ ಹೇಗೆ? ಅದರಲ್ಲಿ ನನ್ನದು ಅಂತ ಒಂದು ಸಾಲೂ ಇರಲಿಲ್ಲ. ಒಲೆ ಮಣ್ಣಿನ ವಿಷಯ ಹಾಗೇ ಬಾಯಿಮಾತಿನಲ್ಲಿ ಹೇಳಬಹುದು ಅನ್ನುವುದು ಆಗ ಹೊಳೆಯಲೇ ಇಲ್ಲ. ಬದಲಿಗೆ ಏನು ಮಾಡಿದೆ ಗೊತ್ತಾ? ಇಂಗ್ಲಿಷಿನಲ್ಲಿ ಶುರು ಮಾಡಿದೆ. "ಸಾರಿ, ಫಾಂಟ್ ಈಸ್ ನಾಟ್ ಕಮಿಂಗ್" ಅಂದೆ. ನಡೆಸಿಕೊಡುತ್ತಿದ್ದವರು ಪಾಪ ಅಂತ ಚಪ್ಪಾಳೆ ತಟ್ಟಿ ಮುಂದಿನವರನ್ನು ಕರೆದರು.

ಮುಳುಗಡೆ ಬಗ್ಗೆ ಬರೆಯಬೇಕು ಅಂತಲೇ ಒಬ್ಬ ಪತ್ರಕರ್ತೆ ಅವತ್ತು ಬಂದು ಕೂತಿದ್ದರು. ನನಗೆ ಆಮೇಲೆ ತಿಳಿಯಿತು. ಅವರ ಲೇಖನ ಬಂದಾಗ ಅದರಲ್ಲಿ ಹೆಂಗಸರ ಮಾತು ಒಂದೂ ಇರಲಿಲ್ಲ. ಬರೀ 519.6 ಮೀಟರ್ ಮತ್ತು 524.256 ಮೀಟರ್. ಮೊದಲನೆಯದು ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವ ಗರಿಷ್ಠ ಮಟ್ಟ, ಎರಡನೆಯದು ಅಣೆಕಟ್ಟನ್ನು ಎತ್ತರಿಸಿದರೆ ಆಗುವ ಮಟ್ಟ. ಬಾಗಲಕೋಟೆಯಲ್ಲಿ ಶಾಲೆ ಮಕ್ಕಳಿಗೂ ಈ ಎರಡು ಅಂಕಿ ಬಾಯಿಪಾಠ. ಇನ್ನೂ ಎಷ್ಟು ಮನೆ ಖಾಲಿಯಾಗುತ್ತವೆ ಅನ್ನುವ ಲೆಕ್ಕ ಎಲ್ಲರ ಹತ್ತಿರವೂ ಇದೆ. ಒಲೆ ಮಣ್ಣು ಹೊತ್ತವಳ ವಿಷಯ ನನ್ನ ಹತ್ತಿರ ಮಾತ್ರ ಇತ್ತು. ಅಜ್ಜಿ ಈಗ ಇಲ್ಲ. ನನಗೆ ಈಗಲೂ ಸಂಕಟ ಆಗುವುದು ಇದಕ್ಕೇ. ನಾಲ್ಕು ಜನರ ಮುಂದೆ ಮುಖ ಕೆಂಪಾದದ್ದು ಒಂದು ವಾರಕ್ಕೆ ಮರೆತುಹೋಯಿತು.

ಈಗ ನಿಮ್ಮ ವಿಷಯ. ಇಂಗ್ಲಿಷ್ ಕ್ಲಾಸಿಗೆ ದುಡ್ಡು ಕಟ್ಟಬೇಡಿ. ಕಲಿಯುವುದಿದ್ದರೆ ಇನ್ಯಾವುದಕ್ಕಾದರೂ ಕಲಿಯಿರಿ, ಈ 15 ನಿಮಿಷಕ್ಕಾಗಿ ಬೇಡ. ಅವರು ನಿಮ್ಮನ್ನು ಕರೆದದ್ದು ಕನ್ನಡದಲ್ಲಿ ಬರೆದದ್ದನ್ನು ಓದಿ. ಕಾರ್ಯಕ್ರಮ ಇಂಗ್ಲಿಷಿನಲ್ಲಿ ನಡೆಯುತ್ತದೆ ಅಂದರೆ ಅನುವಾದ ಮಾಡುವವರನ್ನು ಕೂರಿಸುವುದು ಅವರ ಕೆಲಸ, ಹಾಗೆಂದು ಪತ್ರದಲ್ಲೇ ಕೇಳಿ. ಅನುವಾದ ಇದ್ದರೆ ನಿಮ್ಮ ಮಾತಿಗೆ ಸಿಗುವ ಸಮಯ ಅರ್ಧವಾಗುತ್ತದೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ನಗುತ್ತಾರಾ ಅಂದರೆ, ಕೆಲವರು ನಗುತ್ತಾರೆ. ನಗುವವರಿಗಿಂತ "ನಿಮ್ಮ ಕನ್ನಡ ಎಷ್ಟು ಕ್ಯೂಟ್" ಅನ್ನುವವರು ಜಾಸ್ತಿ ತ್ರಾಸು. ಇಬ್ಬರಿಗೂ ಉತ್ತರ ಕೊಡುವ ಅಗತ್ಯವಿಲ್ಲ. ಅಷ್ಟಕ್ಕೂ ಈ ಜಿಲ್ಲೆಯ ವೇದಿಕೆಗೆ ಹೆಂಗಸಿನ ಮಾತು ಹೊಸದಲ್ಲ. 2000ದಲ್ಲಿ ಬಾಗಲಕೋಟೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರ ಕುರ್ಚಿಯಲ್ಲಿದ್ದವರು ಶಾಂತಾದೇವಿ ಮಾಳವಾಡ. ಆ ಕುರ್ಚಿಯಲ್ಲಿ ಅವರಿಗಿಂತ ಮೊದಲು ಕೂತಿದ್ದ ಮಹಿಳೆ ಒಬ್ಬರೇ, 1974ರಲ್ಲಿ ಮಂಡ್ಯದಲ್ಲಿ ಜಯದೇವಿತಾಯಿ ಲಿಗಾಡೆ. ನನ್ನ ಅವ್ವ ಬಾಗಲಕೋಟೆಯ ಆ ಸಮ್ಮೇಳನಕ್ಕೆ ಹೋಗಿದ್ದಳು. ಏನು ಮಾತಾಡಿದರು ಅಂತ ಕೇಳಿದರೆ ಊಟದ ಪಾಳಿ ಎಷ್ಟು ಉದ್ದ ಇತ್ತು ಅಂತ ಹೇಳುತ್ತಾಳೆ, ಅದು ಬೇರೆ ಮಾತು.

ಸ್ಲೈಡ್ ಬಿಟ್ಟುಬಿಡಿ. ಕೊಂಡಿ ಹಾಕಿ ಸೀರೆಯ ಒಡಲಿಗೆ ಸೆರಗು ಜೋಡಿಸುವ ಬಗ್ಗೆ ಬರೆದದ್ದೇ ನಿಮ್ಮ ಬ್ಲಾಗಿನಲ್ಲಿ ಹೆಚ್ಚು ಜನ ಓದಿದ್ದು ಅಂತ ಪ್ರಶ್ನೆಯಲ್ಲೇ ಹೇಳಿದ್ದೀರಿ. ಹಾಗಾದರೆ ಒಂದು ಇಳಕಲ್ ಸೀರೆ ಒಯ್ಯಿರಿ. ಕೊಂಡಿ ಕೂಡುವ ಜಾಗವನ್ನು ಮುಂದಿನ ಸಾಲಿನವರ ಕೈಗೆ ಕೊಡಿ, ಮುಟ್ಟಿ ನೋಡಲಿ. ಒಡಲಿನ ಹಾಸಿನ ಎಳೆಗೂ ಸೆರಗಿನ ಹಾಸಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕುತ್ತಾ ಕೂರುವವರು ಯಾರು, ಅವರಿಗೆ ಎಷ್ಟು ಕೂಲಿ ಸಿಗುತ್ತದೆ, ಆ ಕೆಲಸವನ್ನು ನಿಮ್ಮ ಮನೆಯಲ್ಲಿ ಯಾರು ಮಾಡುತ್ತಿದ್ದರು, ಅಷ್ಟು ಹೇಳಿ ಸಾಕು. ಚಿತ್ರ ತೋರಿಸಲೇಬೇಕು ಅಂದರೆ ಚಿತ್ರ ಮಾತ್ರ ಒಯ್ಯಿರಿ, ಅದರ ಮೇಲೆ ಒಂದಕ್ಷರವೂ ಬೇಡ. ಯಾರಾದರೂ ತಿದ್ದಿ ಕೊಡುತ್ತೇನೆ ಅಂದರೆ ನಮಸ್ಕಾರ ಹೇಳಿ ಬನ್ನಿ. ಕಾಗುಣಿತ ತಿದ್ದಲಿ, ವಾಕ್ಯಕ್ಕೆ ಕೈ ಹಚ್ಚಲು ಬಿಡಬೇಡಿ.

ಆಮೇಲೆ ಇನ್ನೊಂದು ಕಡೆ ಮಾತಾಡಲು ಕರೆದಾಗ ನಾನು ಬರಿಗೈಯಲ್ಲಿ ಹೋದೆ. ಅದ್ಭುತವಾಗಿ ಮಾತಾಡಿದೆ ಅಂತೇನೂ ಇಲ್ಲ. ನನ್ನ ಹಿಂದಿನವರು ನನ್ನ ಹೊತ್ತನ್ನೂ ತಿಂದಿದ್ದರು, ಅರ್ಧಕ್ಕೇ ಚೀಟಿ ಬಂತು. ಆದರೆ ಒಲೆ ಮಣ್ಣಿನ ವಿಷಯವನ್ನು ಮೊದಲೇ ಹೇಳಿಬಿಟ್ಟಿದ್ದೆ. ಹಾಗಾಗಿ ನೀವೂ ಮುಖ್ಯವಾದದ್ದನ್ನು ಕೊನೆಗೆ ಅಂತ ಉಳಿಸಿಕೊಳ್ಳಬೇಡಿ. ಗಣ್ಯರೇ, ಮಾನ್ಯರೇ ಅಂತ ಎಲ್ಲರ ಹೆಸರು ಹೇಳುವುದರಲ್ಲೇ ಎರಡು ನಿಮಿಷ ಹೋಗುತ್ತದೆ, ಅದನ್ನೂ ಬಿಡಿ.

ನೀವು ಕೇಳದೇ ಇರುವ ಒಂದು ವಿಷಯವಿದೆ. ನನಗೆ ಇಂಗ್ಲಿಷಿಗಿಂತ ಇದೇ ದೊಡ್ಡದು. ರೈಲು ಚಾರ್ಜು ಯಾರು ಕೊಡುತ್ತಾರೆ? ರಾತ್ರಿ ಎಲ್ಲಿ ಉಳಿಯುತ್ತೀರಿ? ಬೆಂಗಳೂರಿನಲ್ಲೇ ಇರುವವರಿಗೆ ಸಮ್ಮೇಳನ ಅಂದರೆ ಒಂದು ಶನಿವಾರ. ನಮಗೆ ಹೋಗುವ ರಾತ್ರಿ, ಬರುವ ರಾತ್ರಿ, ಮನೆಯಲ್ಲಿ ಅಡುಗೆಗೆ ಯಾರು ಅನ್ನುವ ಮಾತುಕತೆ, ಎಲ್ಲ ಸೇರುತ್ತದೆ. "ಗೌರವಧನ ಇಲ್ಲ, ಆದರೆ ಒಳ್ಳೆಯ ವೇದಿಕೆ" ಅನ್ನುತ್ತಾರೆ. ಹೆಂಗಸರ ಹಕ್ಕಿನ ಬಗ್ಗೆ ಮಾತಾಡುವ ಸಭೆಗೆ ಹೆಂಗಸೊಬ್ಬಳು ಸ್ವಂತ ದುಡ್ಡಿನಲ್ಲಿ ಬಂದು ಹೋಗಬೇಕು ಅನ್ನುವುದು ನನಗಂತೂ ಒಪ್ಪಿಗೆಯಿಲ್ಲ. ಸಂಕೋಚ ಬಿಟ್ಟು ಕೇಳಿ. ಕೊಡುವುದಿಲ್ಲ ಅಂದರೆ ಹೋಗಬೇಡಿ. ಆಗ ಹೋಗದೇ ಇರುವುದಕ್ಕೆ ಕಾರಣ ಹಣ ಅಂತ ಬರೆದು ತಿಳಿಸಿ, ಇಂಗ್ಲಿಷ್ ಅಂತ ಬರೆಯಬೇಡಿ.

ಕೊಡುತ್ತೇವೆ ಅಂದರೆ ನಿಮ್ಮ ಮಾತನ್ನು ಬೆಳಗಿನ ಗೋಷ್ಠಿಗೆ ಹಾಕಿಸಿಕೊಳ್ಳಿ. ಊಟದ ಮೇಲೆ ಅರ್ಧ ಜನ ಇರುವುದಿಲ್ಲ. ಸಂಜೆಗೆ ಇಟ್ಟರೆ ಚಪ್ಪಾಳೆ ಮುಗಿಯುವ ಮೊದಲೇ ನೀವು ಸ್ಟೇಷನ್ನಿಗೆ ಆಟೋ ಹುಡುಕಬೇಕಾಗುತ್ತದೆ.